ಎಡಗೈಗೆ ನೀರು

ಯುದ್ಧದ ವರ್ಷಗಳಲ್ಲಿ ನಾನು ಮರ್ಫಿ ಟೌನಿನಿಂದ ನಡೆದು ಹೋಗಿ, ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯ ಯಹೂದಿ ಅಜ್ಜಿಯ ಮನೆಯಲ್ಲಿ ಕೆಲಸ ಮಾಡುತ್ತಿದ್ದೆ. ರೊಟ್ಟಿ ಮುರಿಯುವ ಮೊದಲು ಅವರು ಎರಡು ಹಿಡಿಕೆಯ ತಾಮ್ರದ ಪಾತ್ರೆಯಿಂದ ಕೈಗೆ ನೀರು ಸುರಿದುಕೊಂಡು, ಅಂಗೈಗಳನ್ನು ಎತ್ತಿ ಹಿಡಿದು ಪ್ರಾರ್ಥನೆ ಗುನುಗುತ್ತಿದ್ದರು. ಬಣ್ಣದ ಗಾಜಿನಿಂದ ಇಳಿದ ಸಂಜೆಬೆಳಕಿನಲ್ಲಿ ಆ ನೀರು ಜೇನಿನಂತೆ ಕಾಣುತ್ತಿತ್ತು. ನಾನು ಗಡಿಬಿಡಿ ಮಾಡಿದರೆ, "ನಿಧಾನ ಮಗಳೇ, ನಿಧಾನ" ಎನ್ನುತ್ತಿದ್ದರು.

ಒಂದು ದಿನ ಬಿಸಿ ಎಣ್ಣೆ ಬಿದ್ದು ಅವರ ಬಲಗೈ ಸುಟ್ಟಿತು. ಡಾಕ್ಟರು ಬೆರಳುಗಳೂ ಕಾಣದಂತೆ ಬ್ಯಾಂಡೇಜು ಸುತ್ತಿದರು.

"ಇದು ನೆನೀಬಾರದು. ಎಡಗೈ ಒಂದೇ ತೊಳೆದ್ರೂ ನಮ್ಮಲ್ಲಿ ನಡೆಯತ್ತೆ. ನೀನು ನೀರು ಹಾಕು" ಎಂದರು ಅಜ್ಜಿ.

ನಾನು ಹಿಂದೆ ಸರಿದೆ. ಮೊದಲು ಕೆಲಸ ಮಾಡಿದ ಮನೆಗಳಲ್ಲಿ ನನ್ನ ಜಾತಿ ತಿಳಿದವರು ನೀರಿನ ಕೊಡ ಮುಟ್ಟಗೊಡುತ್ತಿರಲಿಲ್ಲ.

"ಅಮ್ಮಾ, ನನ್ ಕೈಯಿಂದ ಆಗತ್ತಾ? ನಮ್ ಜನ ಮುಟ್ಟಿದ ನೀರು ಯಾರೂ ಮುಟ್ಟಲ್ಲ."

"ನಿನ್ ಕೈ ಚೆನ್ನಾಗಿದೆಯಲ್ಲ, ಹಾಕು."

ಸುರಿದೆ. ಅವರು ಪ್ರಾರ್ಥನೆ ಮುಗಿಸಿ ಸುಮ್ಮನಾದರು.

"ಸರಿಯಾಯ್ತಾ ಅಮ್ಮಾ?"

ಉತ್ತರವಿಲ್ಲ. ಏನೋ ಮೈಲಿಗೆಯಾಯಿತೆಂದು ಪಾತ್ರೆಯನ್ನು ಕೆಳಗಿಟ್ಟೆ. ಅವರು ರೊಟ್ಟಿಗೂ ಒಂದು ಪ್ರಾರ್ಥನೆ ಹೇಳಿ, ಚೂರೊಂದನ್ನು ಉಪ್ಪಿಗೆ ಒತ್ತಿ ತಿಂದು, ಆಮೇಲೆ ನಕ್ಕರು.

"ಕೈ ತೊಳೆದ ಮೇಲೆ ರೊಟ್ಟಿ ಬಾಯಿಗೆ ಹಾಕೋವರೆಗೂ ನಾವು ಬೇರೆ ಮಾತಾಡಲ್ಲ."

ಮತ್ತೊಂದು ಚೂರನ್ನು ನನ್ನ ಅಂಗೈಯಲ್ಲಿಟ್ಟು, ಪಕ್ಕದ ಕುರ್ಚಿ ಎಳೆದರು. ನಾನು ಕುಳಿತೆ. ಅವರಂತೆಯೇ ಚೂರನ್ನು ಉಪ್ಪಿಗೆ ಒತ್ತಿ ಬಾಯಿಗೆ ಹಾಕಿಕೊಂಡೆ.