ಮಂಚತ್ತೆ ಇಟ್ಟ ಎಡೆ

ನನ್ನ ಸೋದರತ್ತೆ ಮಂಚಮ್ಮನಿಗೆ ಹೆದರದವರು ಶಿವಪುರದಲ್ಲಿ ಇರಲಿಲ್ಲ. ಗಂಡ ಹೋದ ಮೇಲೆ ಗದ್ದೆಯನ್ನು ಒಬ್ಬಳೇ ನಿಂತು ಮಾಡಿಸಿದವಳು. ನೀರಿನ ಸರದಿಯಲ್ಲಿ ಯಾರಾದರೂ ಮೋಸ ಮಾಡಿದರೆ, ಅವರು ಊಟಕ್ಕೆ ಕೂರುವ ಹೊತ್ತು ನೋಡಿಕೊಂಡು ಹೋಗಿ ಬೈದು ಬರುತ್ತಿದ್ದಳು. ಊರಲ್ಲಿ ಧ್ವಜ ಸತ್ಯಾಗ್ರಹ ನಡೆದ ವರ್ಷ ಬಂದ ಜನಕ್ಕೆಲ್ಲ ಮಜ್ಜಿಗೆ ಹಂಚಿದಳು. ಬಿಸಿಲಲ್ಲಿ ಬಾಯಾರಿ ನಿಂತಿದ್ದ ಪೊಲೀಸಿನವನಿಗೂ ಒಂದು ಚೊಂಬು ಕೊಟ್ಟು, "ಕುಡಿಯಪ್ಪ, ಜನಾನ ಒಡಿಯಕ್ಕೂ ಸಕ್ತಿ ಬೇಕಲ್ಲ" ಅಂದಳು. ನಾನು ಪಕ್ಕದಲ್ಲೇ ಇದ್ದೆ. ಆ ಪೊಲೀಸಿನವನು ಕುಡಿಯಲೂ ಆಗದೆ ಬಿಡಲೂ ಆಗದೆ ನಿಂತಿದ್ದ.

ಅವಳಿಗೆ ಒಬ್ಬನೇ ಮಗ, ಮರಿಸಿದ್ದಯ್ಯ. ಅವನಿಗೆ ನಾನು, ನನಗೆ ಅವನು ಎಂದು ನಾನು ತೊಟ್ಟಿಲಲ್ಲಿದ್ದಾಗಲೇ ಹಿರಿಯರು ಮಾತಾಡಿಕೊಂಡಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ. ಅವನು ಬಹಳ ಸಾಧು. ಅವ್ವ ಬೈಯುವಾಗ ಎಡಗೈಯನ್ನು ಕತ್ತಿನ ಹಿಂದಕ್ಕೆ ಒಯ್ದು ಕೆರೆದುಕೊಳ್ಳುತ್ತಾ ನಿಲ್ಲುತ್ತಿದ್ದ, ಅಷ್ಟೆ. ಒಂದು ದಿನ ಗದ್ದೆಗೆ ನೀರು ಬಿಟ್ಟ ಮೇಲೆ ಮಡೆ ಕಟ್ಟದೆ ಬಂದ ಅಂತ ಅತ್ತೆ ನಾಲ್ಕು ಜನರ ಮುಂದೆ, "ನೀನು ಇದ್ರೇನು ಸತ್ರೇನು" ಅಂದುಬಿಟ್ಟಳು. ಮಾರನೆಯ ದಿನ ಮಂಡ್ಯಕ್ಕೆ ಹೋದವನು ದಂಡಿಗೆ ಹೆಸರು ಬರೆಸಿ ಬಂದ. ಆಗ ಯುದ್ಧದ ಕಾಲ. ಕತ್ತು ಕೆರೆದುಕೊಂಡು ನಿಂತವನನ್ನು ಯಾರು ಬೇಕಾದರೂ ಕರೆದೊಯ್ಯಬಹುದಿತ್ತು.

ನಲವತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ತಂತಿ ಬಂತು. ಮದ್ದೂರಿನ ಪೋಸ್ಟ್ ಮಾಸ್ತರರು ಓದಿ ಹೇಳಿದರು: ಕಾಣೆಯಾಗಿದ್ದಾನೆ. ಎಲ್ಲಿ ಎಂದರೆ ಇಟಲಿ ದೇಶದಲ್ಲಿ, ರೋಮಾಪುರಿಗೆ ಹೋಗುವ ದಾರಿಯಲ್ಲಿರಬೇಕು ಎಂದರು. ಸತ್ತ ಎಂದು ಅದರಲ್ಲಿರಲಿಲ್ಲ. ಬದುಕಿದ್ದಾನೆ ಎಂದೂ ಇರಲಿಲ್ಲ. ಅತ್ತೆ ಊರಿನವರನ್ನು ಬೈಯುವುದನ್ನು ಅಂದೇ ನಿಲ್ಲಿಸಿದಳು. ಊರಿಗೆ ಊರೇ ಕಿವುಡಾದ ಹಾಗಾಯಿತು.

ನಮ್ಮಲ್ಲಿ ಪಿತೃಪಕ್ಷದ ಅಮಾವಾಸ್ಯೆ ಹಿರಿಯರ ಹಬ್ಬ. ನಡುಮನೆಯಲ್ಲಿ ಎಲೆ ಹಾಕಿ, ಮನೆಯಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು ಧೂಪ ಹಾಕುತ್ತೇವೆ. ಅದೇ ಎಡೆ. ಆಮೇಲೆ ಎಲ್ಲರೂ ಆಚೆ ಬಂದು, ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಸುಮ್ಮನೆ ಕೂರಬೇಕು. ಸತ್ತವರು ಬಂದು ಉಂಡು ಹೋಗುವಷ್ಟು ಹೊತ್ತು. ಬಾಗಿಲು ತೆಗೆಯುವ ಮುಂಚೆ ಮನೆಗೆ ದೊಡ್ಡವರು ಒಂದು ಸಲ ಕೆಮ್ಮುತ್ತಾರೆ. ಇನ್ನೂ ಉಣ್ಣುತ್ತಿದ್ದವರು ನಾಚಿಕೊಳ್ಳಬಾರದಲ್ಲ, ಅದಕ್ಕೆ.

ಆ ವರ್ಷ ಗೌರಿಹಬ್ಬ ಕಳೆಯುತ್ತಲೇ ನಮ್ಮಪ್ಪ ಜವರಯ್ಯ ತಂಗಿಯ ಮನೆಗೆ ಹೋಗಿ ಕೂತ.

"ಈ ಸಲ ಮರಿಸಿದ್ದಂಗೂ ಒಂದು ಎಲೆ ಆಕ್ಬುಡು ಕಣವ್ವ. ಇಲ್ದಿದ್ರೆ ಅಸ್ಕೊಂಡು ಮನೆ ಸುತ್ತಾ ತಿರುಗ್ತಾನೆ."

"ಬದುಕಿರೋ ಮಗಂಗೆ ಎಡೆ ಇಟ್ರೆ ನಾನೇ ಕೊಂದಂಗಲ್ವಾ ಅಣ್ಣಯ್ಯ? ಇಡಾಕಿಲ್ಲ."

ಇಬ್ಬರ ಮಾತೂ ಸರಿಯೇ. ಸತ್ತಿದ್ದರೆ ಅವನು ಹಸಿದಿದ್ದಾನೆ. ಬದುಕಿದ್ದರೆ ನಾವು ಅವನನ್ನು ಹೂಳುತ್ತಿದ್ದೇವೆ.

ಅದೇ ಸಮಯಕ್ಕೆ ಮದ್ದೂರಿಗೆ ಟೆಂಟು ಸಿನಿಮಾ ಬಂತು. ಮಳೆ ಹಿಂದೆಬಿದ್ದಿತ್ತು, ಅದೇ ಧೈರ್ಯ ಅವರಿಗೆ. ಯುದ್ಧದಿಂದಾಗಿ ಹೊಸ ಚಿತ್ರ ಸಿಗದೆ, ಯಾವುದೋ ಕಾಲದ ಮೂಕಿ ಚಿತ್ರ ತಂದಿದ್ದರು. ಬೆಳಕವಾಡಿಯ ಮುದ್ದಯ್ಯ ಎಂಬಾತ ಪರದೆಯ ಪಕ್ಕ ನಿಂತು, ತಗಡಿನ ತುತ್ತೂರಿಯಲ್ಲಿ ಕಥೆ ಹೇಳುತ್ತಿದ್ದ. ನಾಟಕದ ಕಂಪನಿಯಲ್ಲಿ ಪಾರ್ಟು ಸಿಗದೆ ಬಂದವನು, ಎಲ್ಲ ಪಾರ್ಟನ್ನೂ ಇಲ್ಲೇ ತೀರಿಸಿಕೊಳ್ಳುತ್ತಿದ್ದ. ಚಿತ್ರ ರೋಮಾಪುರಿಯದು ಎಂದು ಡಂಗುರ ಹೊಡೆಸಿದರು. ಆ ಹೆಸರು ಕಿವಿಗೆ ಬಿದ್ದದ್ದೇ ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ನಡಿಯೇ ಸಣ್ಣತಾಯಿ" ಅಂದಳು.

ಜನ ಮೊದಲು ಬಹಳ ನಕ್ಕರು. ರೋಮಿನ ರಾಜ ಮೊಣಕಾಲ ಮೇಲಿನ ಬಟ್ಟೆ ತೊಟ್ಟಿದ್ದ. "ಅರಮನೇಲಿದ್ದೂ ಒಂದು ಪಂಚೆಗೆ ಗತಿಯಿಲ್ವಲ್ಲಾ" ಎಂದ ನಮ್ಮೂರಿನ ಹೊನ್ನಯ್ಯ. ರಾಜ ಮಲಗಿಕೊಂಡೇ ದ್ರಾಕ್ಷಿ ತಿನ್ನುವಾಗ ಹೆಂಗಸರು, "ಪಾಪ, ಏಳಾಕಾಗ್ದಿರೋ ಕಾಯಿಲೆ" ಎಂದು ಲೊಚಗುಟ್ಟಿದರು. ಆಮೇಲೆ ಸೆರೆಯಾಳುಗಳನ್ನು ಸಿಂಹಗಳಿಗೆ ಹಾಕಲು ಕರೆತಂದರು. ನಗು ನಿಂತಿತು. "ಲೇ ರಾಜ, ಬುಡ್ಲಾ ಅವರ್ನ!" ಎಂದು ಹೊನ್ನಯ್ಯನೇ ಎದ್ದು ಕೂಗಿದ. ಸಿಂಹ ಕಾಣಿಸಿದಾಗ ನೆಲದಲ್ಲಿ ಕೂತವರೆಲ್ಲ ಹಿಂದಕ್ಕೆ ಸರಿದು ಬೆಂಚಿನವರ ಕಾಲ ಮೇಲೆ ಬಿದ್ದರು.

ಅತ್ತೆ ಸಿಂಹವನ್ನು ನೋಡಲೇ ಇಲ್ಲ. ಅದಕ್ಕೂ ಮುಂಚೆ, ಸರಪಳಿ ಹಾಕಿದ ಸೆರೆಯಾಳುಗಳು ಒಬ್ಬರ ಹಿಂದೊಬ್ಬರು ಒಂದು ಕತ್ತಲ ಬಾಗಿಲೊಳಗೆ ಹೋಗುತ್ತಿದ್ದರು. ಎಲ್ಲರಿಗಿಂತ ಹಿಂದಿದ್ದವನು ಬಾಗಿಲ ಬಳಿ ಒಂದು ಗಳಿಗೆ ನಿಂತು, ಎಡಗೈಯನ್ನು ಕತ್ತಿನ ಹಿಂದೆ ಇಟ್ಟುಕೊಂಡು, ತಿರುಗಿ ನಮ್ಮ ಕಡೆ ನೋಡಿದ. ಬಾಗಿಲು ಮುಚ್ಚಿಕೊಂಡಿತು.

ಅತ್ತೆಯ ಉಗುರು ನನ್ನ ತೋಳಿಗೆ ಇಳಿದಿತ್ತು. "ಅವ್ನೆ" ಎಂದಳು.

ನನಗೂ ಅವನೇ ಅನ್ನಿಸಿದ್ದು ಸುಳ್ಳಲ್ಲ. ಆಟ ಮುಗಿದ ಮೇಲೆ ಮುದ್ದಯ್ಯ ತಿಳಿಸಿ ಹೇಳಿದ, ಇದು ವೇಷ ಕಟ್ಟಿ ಆಡಿದ್ದು, ನಿಮ್ಮ ಮಗ ಹುಟ್ಟುವ ಮೊದಲೇ ತೆಗೆದ ಚಿತ್ರ ಎಂದು. "ರೋಮಿಂದ ಬಂದ ಪೋಟೋ ತಾನೆ? ನನ್ನ ಮಗ ಓಗಿರೋದೂ ರೋಮಿಗೇ ತಾನೆ?" ಎಂದಳು ಅತ್ತೆ. ಮಂಚಮ್ಮನ ಮಗ ಸೆರೆಯಲ್ಲಿದ್ದಾನಂತೆ ಎಂದು ಮರುದಿನದಿಂದ ವೈದ್ಯನಾಥಪುರದವರೂ ನೋಡಲು ಬಂದರು. ಕೊನೆಯವನು ತಿರುಗಿ ನೋಡುವಾಗ ಟೆಂಟಿಗೆ ಟೆಂಟೇ ಎದ್ದು ನಿಲ್ಲುತ್ತಿತ್ತು. ಕೆಲವರು ಕೈಮುಗಿಯುತ್ತಿದ್ದರು. ಅತ್ತೆ ಒಂದು ಆಟವನ್ನೂ ಬಿಡಲಿಲ್ಲ. ದಿನಾ ಅದೇ ಜಾಗದಲ್ಲಿ ಕೂತು, ಅವನು ತಿರುಗಿದಾಗ ಮೆಲ್ಲಗೆ, "ತೆಪ್ಪಾಯ್ತು, ಬಾರಪ್ಪ" ಅನ್ನುತ್ತಿದ್ದಳು. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಅಮಾವಾಸ್ಯೆ ಹತ್ತಿರ ಬಂತು. ಅಪ್ಪನ ಒತ್ತಾಯ ಹೆಚ್ಚಿತು. ಅತ್ತೆ ಮುದ್ದಯ್ಯನ ಮುಂದೆ ಹೋಗಿ ಸೆರಗೊಡ್ಡಿದಳು. ಯಾರ ಮುಂದೆಯೂ ಸೆರಗೊಡ್ಡಿದವಳಲ್ಲ ಅವಳು. "ಒಂಚೂರು ನಿಲ್ಸಪ್ಪ ಅವನ್ನ. ಮಕ ಪೂರಾ ನೋಡ್ಬೇಕು. ಅವನೇ ಆದ್ರೆ ಎಡೆ ಇಡಾಕಿಲ್ಲ, ಇಲ್ದಿದ್ರೆ ಇಡ್ತೀನಿ." ಮೆಷಿನ್ನಿನವನು, ನಿಲ್ಲಿಸಿದರೆ ದೀಪದ ಕಾವಿಗೆ ಫಿಲಮು ಸುಟ್ಟುಹೋಗುತ್ತೆ, ಆಗಲ್ಲ ಎಂದ. ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲಿಸಯ್ಯ ಸಾಕು ಎಂದು ಮುದ್ದಯ್ಯ ಅವನ ಕೈಕಾಲು ಹಿಡಿದು ಒಪ್ಪಿಸಿದ.

ಅಂದು ಸೆರೆಯಾಳು ತಿರುಗಿದ, ಹಾಗೆಯೇ ನಿಂತ. ಪರದೆಯ ತುಂಬ ಮುಖ, ಕತ್ತಿನ ಹಿಂದೆ ಕೈ. ಅತ್ತೆ ಎದ್ದು ಎರಡು ಹೆಜ್ಜೆ ಮುಂದೆ ಹೋದಳು. ಅವನ ಕೆನ್ನೆಯ ಮೇಲೆ ಕಂದು ಚುಕ್ಕೆಯೊಂದು ಎದ್ದಿತು. ಅದು ಬಾಯಿಗೆ, ಕಣ್ಣಿಗೆ ಹರಡಿತು. ಮುಖ ಸುಕ್ಕಾಯಿತು, ಗುಳ್ಳೆ ಎದ್ದಿತು, ಕರಗಿತು. ಆಮೇಲೆ ಬರೀ ಬಿಳಿ ಬಟ್ಟೆ.

ಹೆಂಗಸರು ಕಿರುಚಿಕೊಂಡು ಆಚೆ ಓಡಿದರು. ಅತ್ತೆ ಕಿರುಚಲಿಲ್ಲ. ಪರದೆಯ ಹತ್ತಿರ ಹೋಗಿ, ಮುಖ ಇದ್ದ ಜಾಗದಲ್ಲಿ ಅಂಗೈ ಇಟ್ಟಳು.

"ತಣ್ಣಗವ್ನೆ ಕಣೇ" ಎಂದಳು ನನಗೆ.

ಸುಟ್ಟದ್ದನ್ನು ಕತ್ತರಿಸಿ ಅಂಟಿಸಿ ಮಾರನೆಯ ದಿನ ಮತ್ತೆ ಆಟ ಹಾಕಿದರು. ಸೆರೆಯಾಳುಗಳು ಒಳಗೆ ಹೋದರು, ಬಾಗಿಲು ಮುಚ್ಚಿತು. ಯಾರೂ ತಿರುಗಲಿಲ್ಲ. ಅತ್ತೆ ಅಷ್ಟು ನೋಡಿ ಎದ್ದು ಬಂದು ನಮ್ಮಪ್ಪನಿಗೆ, "ಎಡೆಗೆ ಏನೇನು ತರ್ಬೇಕು ಏಳಣ್ಣಯ್ಯ" ಎಂದಳು.

ನಾಟಿ ಕೋಳಿ ಸಾರು, ಮುದ್ದೆ, ಹೊಸ ಅಂಗಿ. ನಾವು ಜಗಲಿಯಲ್ಲಿ ಕೂತೆವು. ಅತ್ತೆ ಕೆಮ್ಮಿ ಬಾಗಿಲು ತೆಗೆದಳು. ನನ್ನ ಕಣ್ಣಿಗೆ ಮುದ್ದೆ ಇಟ್ಟಹಾಗೇ ಇತ್ತು. ಅವಳ ಕಣ್ಣಿಗೆ ಅದರ ಮೇಲೆ ಬೆರಳಿನ ಗುರುತು ಕಂಡಿತು. "ಉಂಡವ್ನೆ, ಉಂಡವ್ನೆ" ಎಂದು ಅವತ್ತು ಅತ್ತಳು. ತಂತಿ ಬಂದಾಗಲೂ ಅತ್ತಿರಲಿಲ್ಲ. ಇನ್ನು ನನಗೆ ಬೇರೆ ಗಂಡು ನೋಡಬೇಕೆಂದು ಅಪ್ಪ ಮಳವಳ್ಳಿ ಕಡೆ ಓಡಾಡತೊಡಗಿದ. ನಾನು ಒಂದಕ್ಕೂ ಒಪ್ಪಲಿಲ್ಲ.

ಮರುವರ್ಷ ದೀಪಾವಳಿ ಕಳೆಯುತ್ತಲೇ ಮರಿಸಿದ್ದಯ್ಯ ಮದ್ದೂರಿನಲ್ಲಿ ರೈಲಿಳಿದು ನಡೆದುಕೊಂಡು ಬಂದ. ನಿಜವಾಗಿ ಬಂದ. ಶತ್ರುಗಳ ಸೆರೆಯಲ್ಲಿದ್ದನಂತೆ. ಅತ್ತೆ ಮೊದಲ ದಿನ ಹೇಳಿದ್ದೇ ಸರಿಯಾಗಿತ್ತು. ಆ ಫಿಲಮು ಸುಡದೇ ಇದ್ದಿದ್ದರೆ!

ಬಾವಿಯ ಹತ್ತಿರ ಅವನನ್ನು ಕಂಡು ನಾನು ಬಿಂದಿಗೆ ಎತ್ತಿ ಹಾಕಿ, ಕೂಗಿಕೊಂಡು ಓಡಿದೆ. ಅತ್ತೆ ಬಾಗಿಲಿಗೆ ಬಂದು ಅವನನ್ನು ನೋಡಿದಳು. ಮುಖದಲ್ಲಿ ಆಶ್ಚರ್ಯವೇ ಇಲ್ಲ. ಒಳಗೆ ಹೋಗಿ ಎಲೆ ಹಾಕಿ, ಮುದ್ದೆ ಬಡಿಸಿ, ಧೂಪ ಹಚ್ಚಿದಳು.

"ಅವ್ವ, ಬದುಕಿವ್ನಿ ಕಣವ್ವ. ಮುಟ್ಟಿ ನೋಡು."

"ಬರೋರೆಲ್ಲ ಅಂಗೇ ಅನ್ನೋದು ಕಣಪ್ಪ. ಉಣ್ಣು. ನಾನು ಆಚೆಗಿರ್ತೀನಿ."

ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತಳು. ಒಳಗಿನಿಂದ ಅವನು ಅಳುವುದು ನನಗೆ ಕೇಳಿಸುತ್ತಿತ್ತು. ಅವಳಿಗೂ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ ಒಳಗೆ ಹೋದಳು.

ಮುಂದೆ ನಮ್ಮ ಮದುವೆಯಾಯಿತು. ಮದುವೆಗೆ ಬಂದವರ ಮುಂದೆ ಅತ್ತೆ ಚೆನ್ನಾಗಿಯೇ ಓಡಾಡಿದಳು. ನೀರಿನ ಸರದಿಗೆ ಮತ್ತೆ ಬೈಯಲೂ ಶುರುಮಾಡಿದಳು. ಅವನ ವಿಷಯದಲ್ಲಿ ಮಾತ್ರ ಯಾವ ದೇವರೂ ಯಾವ ಮದ್ದೂ ನಡೆಯಲಿಲ್ಲ. ಅತ್ತೆಯನ್ನು ವೈದ್ಯನಾಥೇಶ್ವರನ ಗುಡಿಯಲ್ಲಿ ದಿನಗಟ್ಟಲೆ ಮಲಗಿಸಿದೆವು. ಮನೆಯೊಳಗೆ ಅವಳಿಗೆ ಅವನು ಉಣ್ಣಲು ಬರುವ ಸತ್ತ ಮಗ; ಆಚೆ ಎದುರಾದರೆ ಯಾರದೋ ಮನೆಯ ಒಳ್ಳೆಯ ಹುಡುಗ. ಎರಡು ಹೊತ್ತೂ ಎಲೆ, ಧೂಪ, ಮುಚ್ಚಿದ ಬಾಗಿಲು, ಕೆಮ್ಮು. ನನಗೆ ರೋಸಿಹೋಗಿ ಒಮ್ಮೆ ಜಗಳ ತೆಗೆದೆ. ನನ್ನ ಗಂಡ, "ಬುಡು, ಉಣ್ಣಾಕಿಕ್ತಾವ್ಳಲ್ಲ" ಎಂದು ಕತ್ತು ಕೆರೆದುಕೊಂಡ.

ಸ್ವಾತಂತ್ರ್ಯ ಬಂದ ವರ್ಷದ ಹಿರಿಯರ ಹಬ್ಬದಲ್ಲಿ ಅತ್ತೆ ಮಾಮೂಲಿನಂತೆ ಮಗನ ಎಲೆಗೆ ಕೋಳಿ ಸಾರು ಬಡಿಸಿ, ಹೊಸ ಅಂಗಿ ಇಟ್ಟು ಬಂದು ಕೂತಳು. ಆ ಸಲ ನನ್ನ ಗಂಡ ಒಳಗೆ ಹೋಗಲಿಲ್ಲ. ಬಂದು ಅವಳ ಪಕ್ಕದಲ್ಲಿ ಕೂತ. ಇಬ್ಬರೂ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

ಅತ್ತೆ ಅವನ ಕಡೆ ತಿರುಗಿ, "ನಿಂಗೂ ಒಳಗೆ ಯಾರಾದ್ರೂ ಅವ್ರಾ ಮಗ?" ಎಂದು ಕೇಳಿದಳು.

"ಊಂ ಕಣವ್ವ."

ಅವಳು ಅವನ ಎಡಗೈಯನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡು ಸವರಿದಳು. ಅವನು ಬಂದ ಮೇಲೆ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಅಳ್ಬೇಡ. ಉಂಡು ಓಯ್ತಾರೆ, ತಿರ್ಗಾ ಬತ್ತಾರೆ" ಎಂದಳು. "ಈ ಸಲ ನೀನೇ ಕೆಮ್ಮಪ್ಪ, ಒಳಕ್ಕೋಗಣ."

ನನ್ನ ಗಂಡ ಕೆಮ್ಮಿದ.