ಮೂಲೆ ಮೇಜಿನ ಬ್ಯೂರೆಟ್

ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರನನ್ನು ಎಲ್ಲರೂ ಗಾಜಣ್ಣ ಎನ್ನುತ್ತಿದ್ದರು. ಮೂವತ್ತು ವರ್ಷ ಗಾಜು ತೊಳೆದ ಕೈ ಅದು. ಒಂದೇ ಒಂದು ಸೀಸೆ ಒಡೆದದ್ದಿಲ್ಲ. ಮನೆಯಲ್ಲಿ ಯಾರಾದರೂ ಲೋಟ ಒಡೆದರೆ ಅವನಿಗೆ ಅವತ್ತು ಊಟ ಸೇರುತ್ತಿರಲಿಲ್ಲ.

ಆ ವರ್ಷ ವಿಶ್ವವಿದ್ಯಾಲಯಕ್ಕೆ ವಿಜ್ಞಾನ ಪದವೀಧರರು ಸಾಲದೆಂಬ ಚಿಂತೆ ಹತ್ತಿತು. ಒಂದೋ ಎರಡೋ ಪರೀಕ್ಷೆ ಉಳಿಸಿಕೊಂಡು ಓದು ಬಿಟ್ಟವರಿಗೆಲ್ಲ, ಬಂದು ಮುಗಿಸಿ ಎಂದು ಕಾಗದ ಹೋಯಿತು. ಒಂದು ಕಾಗದ ಗಾಜಣ್ಣನ ಮನೆಗೇ ಬಂತು, ಸೊಸೆಯ ಹೆಸರಿಗೆ. ಮದುವೆಗೆ ಮುಂಚೆ ಅವಳು ಅದೇ ಕಾಲೇಜಿನಲ್ಲಿ ಓದಿ, ಎಲ್ಲ ಪಾಸಾಗಿ, ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಒಂದರಲ್ಲಿ ಮುಗ್ಗರಿಸಿದ್ದಳು.

“ನನ್ನಿಂದಾಗಲ್ಲ ಮಾವ. ಕೈ ನಡುಗುತ್ತೆ. ಬ್ಯೂರೆಟ್ಟಿನ ಗಾಜಿನ ಕೊಳವೆಯಿಂದ ಹನಿ ಹನಿ ಬಿಟ್ಟು ಬಣ್ಣ ತಿಳಿಗುಲಾಬಿಗೆ ನಿಲ್ಲಿಸಬೇಕು, ಒಂದು ಹನಿ ಹೆಚ್ಚಾದ್ರೂ ಕೆಟ್ಟಿತು. ನಂದು ಮೂರು ಸಲಾನೂ ಕಡುಗೆಂಪಾಗಿ ಹೋಯ್ತು.”

“ಮಗು ಉಗುರು ಕತ್ತರಿಸುವಾಗ ನಡುಗದ ಕೈ ಅಲ್ಲಿ ಯಾಕಮ್ಮ ನಡುಗುತ್ತೆ?”

ಏಳನೇ ಕ್ಲಾಸಿಗೆ ಓದು ನಿಲ್ಲಿಸಿದ್ದ ಗಾಜಣ್ಣ ಅಡುಗೆಮನೆಯಲ್ಲಿ ಮೇಷ್ಟ್ರಾದ. ಕಾಲೇಜಿನ ಸಾಮಾನು ಮನೆಗೆ ತರುವ ಜಾಯಮಾನ ಅವನದಲ್ಲ. ಮೊಮ್ಮಗಳ ಔಷಧಿಯ ಡ್ರಾಪರಿನಲ್ಲೇ ಹನಿ ಹನಿ ಬಿಡಿಸಿದ.

“ಬ್ಯೂರೆಟ್ ತುಂಬಿದ ತಕ್ಷಣ ಶುರು ಹಚ್ಕೋಬೇಡ. ತಿರುಪು ಮುಚ್ಚಿ, ಕೆಳಗೆ ಒಣ ಕಾಗದ ಇಟ್ಟು, ಎರಡು ನಿಮಿಷ ಸುಮ್ಮನೆ ನೋಡು. ಕಾಗದ ಒದ್ದೆಯಾಯ್ತೋ, ಅದು ಸೋರುತ್ತೆ ಅಂತ ಅರ್ಥ.”

ಪದವಿ ಹೆಚ್ಚಬೇಕು ಎಂದವರು ಬ್ಯೂರೆಟ್ ಹೆಚ್ಚಬೇಕು ಎನ್ನಲಿಲ್ಲ ನೋಡಿ. ಇಪ್ಪತ್ತು ಜನಕ್ಕೆ ಇದ್ದದ್ದು ಇಪ್ಪತ್ತೇ, ಅದರಲ್ಲೊಂದು ಸೋರುವುದು. ಹೊಸದು ಬೇಕೆಂದು ಕೇಳಿ ಕೇಳಿ ಸೋತಿದ್ದ ಗಾಜಣ್ಣ ವರ್ಷಗಳಿಂದ ಅದನ್ನು ಮೂಲೆ ಮೇಜಿಗೆ ಸಿಕ್ಕಿಸುತ್ತಿದ್ದ. ಯಾರಾದರೊಬ್ಬರ ಪಾಲಿಗೆ ಬರಲೇಬೇಕಲ್ಲ! ಎಲ್ಲಕ್ಕಿಂತ ಒಳ್ಳೆಯದನ್ನು ಈ ಸಲ ಕಿಟಕಿ ಪಕ್ಕದ ಮೊದಲ ಮೇಜಿಗೆ ಇಟ್ಟ. ಪಟ್ಟಿಯಲ್ಲಿ ಸೊಸೆಯದೇ ಮೊದಲ ನಂಬರು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಪಟ್ಟಿ ಬದಿಗಿಟ್ಟು ಚೀಟಿ ಎತ್ತಿಸಿದರು. ಸೊಸೆಗೆ ಮೂಲೆ ಮೇಜು ಬಂತು.

ಗಾಜಣ್ಣ ಬಾಯಿ ಬಿಡುವಂತಿಲ್ಲ, ಅಟೆಂಡರು ಪರೀಕ್ಷೆಯಲ್ಲಿ ಮಾತಾಡಬಾರದು. ಮಾಡಿದ್ದುಣ್ಣೋ ಮಹಾರಾಯ ಎಂದು ತನ್ನನ್ನೇ ಬೈದುಕೊಳ್ಳುತ್ತ ಸಿಂಕಿನ ಹತ್ತಿರ ನಿಂತ. ಅವಳು ಬ್ಯೂರೆಟ್ ತುಂಬಿದಳು, ತಿರುಪು ಮುಚ್ಚಿದಳು, ಕೆಳಗೆ ಒಣ ಕಾಗದ ಇಟ್ಟಳು. ಎರಡು ನಿಮಿಷ ಕಳೆದು ಕೈ ಎತ್ತಿದಳು.

“ಸರ್, ಇದು ಸೋರ್ತಾ ಇದೆ. ಬೇರೆ ಬೇಕು.”

ಬೇರೆ ಇದ್ದರೆ ತಾನೆ? ಯಾರಾದರೂ ಮುಗಿಸುವವರೆಗೆ ಕಾಯಮ್ಮ ಎಂದರು ಪರೀಕ್ಷಕರು. ಒಂದು ಗಂಟೆ ಅವಳು ಕೈಕಟ್ಟಿ ನಿಂತಳು. ಕೊನೆಗೆ ಕಿಟಕಿ ಪಕ್ಕದವರೇ ಮೊದಲು ಮುಗಿಸಿದರು. ಆ ಬ್ಯೂರೆಟ್ಟನ್ನು ತೊಳೆದು ತರುವಾಗ ಗಾಜಣ್ಣನ ಕೈ ನಡುಗುತ್ತಿತ್ತು.

“ನಿಧಾನ ಅಣ್ಣಾ,” ಎಂದಳು ಸೊಸೆ, ಉಳಿದ ವಿದ್ಯಾರ್ಥಿಗಳು ಕರೆಯುವ ಹಾಗೆಯೇ. ಅವಳ ಕೈ ನಡುಗಲಿಲ್ಲ. ಮೂರು ಸಲವೂ ಬಣ್ಣ ತಿಳಿಗುಲಾಬಿಗೇ ನಿಂತಿತು.

ಸಂಜೆ ಮನೆಯಲ್ಲಿ ಅವನು ತಡೆಯಲಾರದೆ ಹೇಳಿಬಿಟ್ಟ. “ಆ ಸೋರೋದನ್ನ ಮೂಲೆಗೆ ಇಟ್ಟಿದ್ದು ನಾನೇ ಕಣಮ್ಮ. ನಿನಗೆ ಒಳ್ಳೇದು ಸಿಗ್ಲಿ ಅಂತ.”

ಅವಳು ಮಗಳಿಗೆ ಔಷಧಿಯ ಹನಿ ಎಣಿಸುತ್ತಿದ್ದಳು. ಎಣಿಕೆ ಮುಗಿಸಿ ಮೆಲ್ಲಗೆ ಹೇಳಿದಳು. “ಆರು ವರ್ಷದ ಹಿಂದೇನೂ ನನಗೆ ಬಂದಿದ್ದು ಮೂಲೆ ಮೇಜೇ ಮಾವ. ಆಗ ಕಾಗದ ಇಟ್ಟು ನೋಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಸೋರಿದ್ದು ಗೊತ್ತಾಗದೆ, ಕೈ ನಡುಗ್ತು ಅಂದ್ಕೊಂಡೆ.”

ಗಾಜಣ್ಣನ ಕಣ್ಣು ತುಂಬಿಕೊಂಡಿತು. ಅವಳು ಎದ್ದು ಬಂದು ಪಕ್ಕದಲ್ಲಿ ಕೂತಳು. “ಈಗ ಹೇಳಿಕೊಟ್ರಲ್ಲ, ಬಿಡಿ,” ಎಂದಳು.

ಮರುದಿನ ಅವನು ಎಲ್ಲರಿಗಿಂತ ಮೊದಲು ಪ್ರಯೋಗಾಲಯ ತೆರೆದ. ಮೂಲೆ ಮೇಜಿನ ಬ್ಯೂರೆಟ್ಟನ್ನು ಬಿಚ್ಚಿ, ಸಿಂಕಿನ ಅಂಚಿಗೆ ಬಡಿದು, ಚೂರುಗಳನ್ನು ಗುಡಿಸಿ ಬುಟ್ಟಿಗೆ ಹಾಕಿದ. ಯಾರು ಒಡೆದದ್ದು ಎಂದು ರಸಾಯನಶಾಸ್ತ್ರದ ಮೇಷ್ಟ್ರು ಕೇಳಿದಾಗ, ನಾನೇ ಎಂದ.