ಆಯುಧಪೂಜೆಯ ದಿನ ಕೆಟ್ಟ ಮಿಷನ್

ನಮ್ಮ ಮನೆಯ ಗಂಡಸರಿಗೆ ಆಯುಧಪೂಜೆ ಎಂದರೆ ಎಲ್ಲಿಲ್ಲದ ಹುರುಪು. ವರ್ಷವಿಡೀ ನನ್ನ ಮಿಷನ್ ಕಡೆ ತಲೆ ಹಾಕದ ಭಾವ, ಅಂದರೆ ನಮ್ಮ ಯಜಮಾನರ ಅಣ್ಣ, ಅವತ್ತು ಮಾತ್ರ ಮಡಿಪಂಚೆ ಉಟ್ಟು ಮುಂದೆ ನಿಲ್ಲುತ್ತಾರೆ. ಕೋಲಾರದ ಅಂಚಿನ ನಮ್ಮ ಮನೆಯ ಹಿಂದೆ, ಮೊದಲು ರೇಷ್ಮೆಹುಳು ಸಾಕುತ್ತಿದ್ದ ಕೋಣೆಯಲ್ಲಿ, ಕಂಪ್ಯೂಟರ್ ಹೇಳಿದಂತೆ ಮರದ ಮೇಲೆ ಚಿತ್ತಾರ ಕೆತ್ತುವ ಸಿಎನ್‌ಸಿ ಮಿಷನ್ ಇಟ್ಟುಕೊಂಡಿದ್ದೇನೆ. ಕೆಲಸ ನನ್ನದು, ಆರತಿ ಅವರದು.

"ಸತ್ತ ಮಿಷನ್‌ಗೆ ಆರತಿ ಎತ್ತಬಾರ್ದಮ್ಮ, ಆನ್ ಮಾಡಿಡು" ಎನ್ನುವುದು ಭಾವನವರ ಕಟ್ಟಪ್ಪಣೆ. ಆನ್ ಮಾಡಿದೆ. ಯಾವ ವೈರನ್ನೂ ಮುಟ್ಟಬೇಡಿ ಎಂದು ಎರಡೆರಡು ಸಲ ಹೇಳಿ ಒಬ್ಬಟ್ಟು ಬೇಯಿಸಲು ಹೋದೆ. ಮಂಗಳಾರತಿಗೆ ಕರೆದಾಗ ಬಂದು ನೋಡಿದರೆ ಚೆಂಡುಹೂವಿನ ಹಾರ, ಕುಂಕುಮ, ನಿಂಬೆಹಣ್ಣು, ಎಲ್ಲ ನೆಟ್ಟಗೇ ಇದ್ದವು.

ಹಬ್ಬ ಮುಗಿಸಿ ಮಿಷನ್ನಿಗೆ ತೇಗದ ಹಲಗೆ ಬಿಗಿದೆ. ಮಾಲೂರಿನಲ್ಲಿ ಮನೆ ಕಟ್ಟಿಸಿದ್ದ ನನ್ನ ತಂಗಿ, "ತಲೆಬಾಗ್ಲು ನೀನೇ ಕೆತ್ತಿಕೊಡ್ಬೇಕು ಕಣಕ್ಕ" ಎಂದು ಪಟ್ಟು ಹಿಡಿದಿದ್ದಳು. ದೀಪಾವಳಿ ಕಳೆದ ಮೇಲೆ ಗೃಹಪ್ರವೇಶ. ನನ್ನ ಕೈಯ ಕೆಲಸ ತವರಿನ ಕಡೆಯವರೆಲ್ಲ ನೋಡಲಿ ಎಂಬ ಆಸೆ ಅವಳಿಗಿಂತ ನನಗೇ ಹೆಚ್ಚಿತ್ತು. ಆದರೆ ಮಿಷನ್ನಿನ ಉಳಿ ಉದ್ದಕ್ಕೆ ಓಡಿತೇ ಹೊರತು ಅಡ್ಡಡ್ಡ ಹೋಗಲೇ ಇಲ್ಲ.

ಮೊದಲು ಕಂಪ್ಯೂಟರನ್ನು ಅನುಮಾನಿಸಿದೆ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಮರದ ಪುಡಿ ಸಿಕ್ಕಿಕೊಂಡಿರಬೇಕೆಂದು ಹಳಿ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟೆ. ಉಳಿಯನ್ನು ಅಡ್ಡ ಓಡಿಸುವ ಮೋಟಾರು ಸುಟ್ಟಿರಬಹುದೆಂದು ಅದನ್ನೂ ಕಳಚಿ ನೋಡಿದೆ. ಅಷ್ಟರಲ್ಲಿ ದಿನಗಳು ಹೋಗಿಯೇ ಹೋದವು. ಊಟದ ಹೊತ್ತಿಗೆ ಭಾವ ಬೇರೆ, "ಹೆಂಗಸ್ರ ಕೈಗೆ ಮಿಷನ್ ಕೊಟ್ರೆ ಇಷ್ಟೇ" ಎನ್ನುತ್ತಿದ್ದರು. ನನ್ನ ತವರು ಆಂಧ್ರದ ಗಡಿಯ ರಾಯಲ್ಪಾಡು, ಸಿಟ್ಟು ಬಂದರೆ ನನಗೆ ತೆಲುಗೇ ಬರುವುದು. ಅದನ್ನು ಅನ್ನದ ಜೊತೆ ನುಂಗಿದೆ.

ಕೊನೆಗೊಂದು ದಿನ ಕರೆಂಟ್ ಕೊಟ್ಟು ಆ ಮೋಟಾರಿನ ಕಡ್ಡಿಯನ್ನು ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಿತು. ಕರೆಂಟ್ ತಲುಪಿದ್ದರೆ ಅದು ಬಿಗಿಯಾಗಿ ನಿಲ್ಲಬೇಕು. ಪ್ರತಿ ಮೋಟಾರಿಗೂ ಕರೆಂಟನ್ನು ಅಳೆದು ಕೊಡಲು ಡ್ರೈವರ್ ಎಂಬ ಪುಟ್ಟ ಡಬ್ಬಿಯಿರುತ್ತದೆ. ಕರೆಂಟ್ ಆರಿಸಿ, ಇದೇ ಮೋಟಾರನ್ನು ಪಕ್ಕದ ಡ್ರೈವರಿಗೆ ಸಿಕ್ಕಿಸಿ ಮತ್ತೆ ಆನ್ ಮಾಡಿದೆ. ಗುಂಯ್ಯೆಂದು ಓಡಿತು! ಕೆಟ್ಟದ್ದು ಡ್ರೈವರ್. ಬಿಚ್ಚಿದರೆ ಒಳಗೆಲ್ಲ ಸುಟ್ಟ ವಾಸನೆ. ಕರೆಂಟ್ ಇರುವಾಗಲೇ ಮೋಟಾರಿನ ವೈರ್ ಕಿತ್ತರೆ ಹೀಗೆ ಸುಡುತ್ತದೆ. ಅದು ಗೊತ್ತಿದ್ದೇ ನಾನು ಮುಟ್ಟಬೇಡಿ ಎಂದಿದ್ದು.

ಯಜಮಾನರನ್ನು ಕೇಳಿದೆ. "ವೈರ್ ಅಡ್ಡ ಬಂದು ಹಾರ ನೇರ ಕೂರ್ತಿರ್ಲಿಲ್ಲ. ಅಣ್ಣ ಒಂದ್ಸಲ ಅದನ್ನ ಕಿತ್ತು, ಹಾರ ಹಾಕಿ, ಮತ್ತೆ ಸಿಕ್ಕಿಸ್ದ" ಎಂದರು.

"ನೀವು ನೋಡ್ಕೊಂಡು ನಿಂತಿದ್ರಾ?"

"ಹೂವು ಹಿಡ್ಕೊಂಡಿದ್ದೋನೇ ನಾನು. ದೊಡ್ಡೋನಿಗೆ ಪೂಜೆ ಹೊತ್ತಲ್ಲಿ ಏನಂತ ಹೇಳ್ಲಿ?"

"ಆಮೇಲಾದ್ರೂ ನಂಗೆ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?"

ನನಗೆ ಮೈಯೆಲ್ಲ ಉರಿಯಿತು. ಅವತ್ತೇ ಒಂದು ಮಾತು ಹೇಳಿದ್ದರೆ ವಿಜಯದಶಮಿ ಕಳೆದ ಕೂಡಲೇ ಬೆಂಗಳೂರಿಗೆ ಹೋಗಿ ಹೊಸ ಡ್ರೈವರ್ ತಂದು ಹಾಕುತ್ತಿದ್ದೆ. ಈಗ ದೀಪಾವಳಿಗೆ ಅಂಗಡಿಗಳು ಮುಚ್ಚಿದ್ದವು. ತೆರೆದ ಮೇಲೆ ತಂದು ಹಾಕಿದೆ, ಮಿಷನ್ ಓಡಿತು. ಅಷ್ಟರಲ್ಲಿ ತಂಗಿ ಕಾಯಲಾರದೆ ಬಡಗಿಯಿಂದ ಬೋಳು ಬಾಗಿಲು ಹಾಕಿಸಿದ್ದಳು.

ಗೃಹಪ್ರವೇಶದ ಪಂಕ್ತಿಯಲ್ಲಿ ಭಾವ ಹಪ್ಪಳ ಮುರಿಯುತ್ತಾ, ನನ್ನ ತವರಿನವರೆಲ್ಲ ಕೇಳುವಂತೆ, "ಮನೇಲಿ ಅಷ್ಟು ದೊಡ್ಡ ಮಿಷನ್ ಇಟ್ಕೊಂಡು ಸ್ವಂತ ತಂಗಿಗೆ ಒಂದು ಬಾಗ್ಲು ಮಾಡ್ಕೊಡಕ್ಕೆ ಆಗ್ಲಿಲ್ಲ ನೋಡಿ ನಮ್ಮನೆ ಅಮ್ಮಣ್ಣಿಗೆ" ಎಂದರು. ಎಲ್ಲರೂ ನಕ್ಕರು. ತಂಗಿ ತಲೆ ತಗ್ಗಿಸಿ ಪಾಯಸ ಬಡಿಸುತ್ತಾ ಮುಂದೆ ಹೋದಳು. ನಾನು ಯಜಮಾನರ ಮುಖ ನೋಡಿದೆ.

ಅವರೂ ನಕ್ಕರು.